ಲಾಂಚಿನ ಧಕ್ಕೆಯಲ್ಲಿ ಅಕ್ಕನ ಚಹಾದಂಗಡಿ

ಒಲೆಯ ಕಿಡಿ ಹಾರಿ ತೆಂಗಿನ ಮಡಲಿನ ಮಾಡಿಗೆ ಬೆಂಕಿ ಹತ್ತಬಹುದಿತ್ತು. ಬೆಂಕಿ ಹತ್ತದಿದ್ದರೆ ಗಾಳಿಗೆ ಮಾಡೇ ಎದ್ದು ಶರಾವತಿಗೆ ಬೀಳಬಹುದಿತ್ತು. ಹುಣ್ಣಿಮೆಯ ಭರತಕ್ಕೆ ನೀರು ಏರಿ ಒಲೆಯೊಳಗೇ ಬರಬಹುದಿತ್ತು. ಹಾಲು ಒಡೆಯಬಹುದಿತ್ತು, ಒಡೆದ ಹಾಲಿನ ಚಹಾ ಕುಡಿದ ಮೊದಲ ಗಿರಾಕಿ ಮಾಮಲೇದಾರರ ಕಚೇರಿಯ ಜವಾನನೇ ಆಗಿರಬಹುದಿತ್ತು. ಕಡಲೆ ಉಸಳಿಯಲ್ಲಿ ಕಲ್ಲು ಸಿಕ್ಕಿ ಯಾರದೋ ಹಲ್ಲು ಮುರಿಯಬಹುದಿತ್ತು, ಆ ಹಲ್ಲು ವಕೀಲರದ್ದಾಗಿರಬಹುದಿತ್ತು. ಹೆಂಗಸು ರಸ್ತೆಬದಿಗೆ ನಿಂತು ಚಹಾ ಮಾರುತ್ತಾಳೆಂದು ಊರವರು ಆಡಿಕೊಳ್ಳಬಹುದಿತ್ತು. ಏನೂ ಆಡದೆ ಸುಮ್ಮನಿದ್ದರೆ ನನಗೆ ಇನ್ನೂ ಭಯ. ಲೈಸನ್ಸು ಸಿಗದೇ ಹೋಗಬಹುದಿತ್ತು. ಸಿಕ್ಕಿದರೆ ಕಳೆದುಹೋಗಬಹುದಿತ್ತು. ಎಲ್ಲ ಸರಿಹೋಗಿ ಅಂಗಡಿ ನಡೆಯತೊಡಗಿದಾಗ, ಸರಿಯಾಗಿ ಆಗಲೇ, ಸರಕಾರಕ್ಕೆ ಬುದ್ಧಿ ಬಂದು ನದಿಗೆ ಸೇತುವೆ ಕಟ್ಟಿ ಲಾಂಚನ್ನೇ ನಿಲ್ಲಿಸಬಹುದಿತ್ತು.

ಇಷ್ಟೂ ನನ್ನ ತಲೆಯಲ್ಲಿ ಆಗಿ ಮುಗಿಯುವಾಗ ಅಕ್ಕ ಇನ್ನೂ ಕಡಲೆ ನೆನೆಹಾಕಿರಲಿಲ್ಲ.

ನಾನಾಗ ಹೊನ್ನಾವರದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷ ಆಗಿತ್ತು, ಆದರೂ ಕಚೇರಿಗಳಲ್ಲಿ ಯಾವ ಕಾನೂನು ಹಳೆಯದು, ಯಾವುದು ಹೊಸದು ಎಂದು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಇದು ನನ್ನಂಥವನಿಗೆ ಹಬ್ಬವೇ. ಒಂದೇ ಕೆಲಸಕ್ಕೆ ಎರಡು ಕಾನೂನಿನ ಲೆಕ್ಕದಲ್ಲಿ ಹೆದರಬಹುದಿತ್ತು.

ಅಕ್ಕನನ್ನು ಭಟ್ಕಳಕ್ಕೆ ಕೊಟ್ಟಿತ್ತು. ಅವಳ ಗಂಡನ ಅಣ್ಣ, ನಾವು ದೊಡ್ಡ ಭಾವ ಎನ್ನುತ್ತಿದ್ದವರು, ಅಲ್ಲಿ ಬಸ್ಸು ನಿಲ್ಲುವ ಕಡೆ ಖಾನಾವಳಿ ಇಟ್ಟಿದ್ದರು. ಮದುವೆಯಾದಾಗಿನಿಂದ ಅಲ್ಲಿಯ ಒಲೆ ಅಕ್ಕನದು, ಹೆಸರು ದೊಡ್ಡ ಭಾವನದು. ಗಂಡ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೆ ಬಂದಳು. ಸ್ವಲ್ಪ ದಿನ ಇದ್ದು ಹೋಗುತ್ತಾಳೆ ಎಂದು ಎಲ್ಲರೂ ತಿಳಿದೆವು, ಅವಳೊಬ್ಬಳು ಬಿಟ್ಟು. ಚೌತಿಯ ಹೊತ್ತಿಗೆ ಭಟ್ಕಳದಿಂದ ಮಾತು ಬಂತು: ದಸರೆ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇವೆ, ಒಲೆ ಮುಂದೆ ಜನ ಇಲ್ಲ.

"ಹೋದ್ರೆ ಆ ಒಲೆ ಮುಂದೇ ನನ್ನ ಹೆಣ ಬೀಳೂದು," ಎಂದಳು ಅಕ್ಕ. "ಧಕ್ಕೆ ಮೇಲೆ ಅಷ್ಟು ಜನ ಲಾಂಚು ಕಾಯ್ತಾ ಕೂತಿರ್ತಾರೆ. ಒಂದು ಚಾ ಕೊಡೂಕೆ ಯಾರಾದ್ರೂ ಇದ್ದಾರಾ ಅಲ್ಲಿ?"

ಇರಲಿಲ್ಲ. ಭಟ್ಕಳದ ಕಡೆಯಿಂದ ಬರುವ ಬಸ್ಸು ನದಿಯ ಆಚೆ ದಡದಲ್ಲಿ ನಿಲ್ಲುತ್ತಿತ್ತು, ಕುಮಟೆಯ ಬಸ್ಸು ಈಚೆ ದಡದಲ್ಲಿ. ನಡುವೆ ಲಾಂಚು. ಅದು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು, ಜನ ಅದು ಬಂದು ತಾಗುವ ಧಕ್ಕೆಯಲ್ಲಿ ಗಂಟುಮೂಟೆಯ ಮೇಲೆ ಕೂತು ಆಕಳಿಸುತ್ತಿದ್ದರು. ಇದು ಕಣ್ಣಿದ್ದ ಎಲ್ಲರಿಗೂ ಕಾಣುವ ಸಂಗತಿ. ಆದರೆ ಅಂಗಡಿ ಇಟ್ಟು, ಅದನ್ನು ಆರೋಗ್ಯ ಖಾತೆಯ ಸಾಹೇಬರು ನೋಡಿ ಒಪ್ಪಿ, ಪುರಸಭೆಯಿಂದ ಲೈಸನ್ಸು ಬರದೆ ಒಂದು ಲೋಟ ಬಿಸಿನೀರನ್ನೂ ಮಾರುವಂತಿರಲಿಲ್ಲ.

ಗೂಟ ನೆಟ್ಟು ಮಡಲು ಹೊದೆಸಿದೆವು. ಸಾಹೇಬರು ಸೈಕಲ್ಲಿನಲ್ಲಿ ಬಂದರು. ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ನೀರಿನ ಹಂಡೆಯ ಮುಚ್ಚಳ ಎತ್ತಿ ನೋಡಿದರು, ನೊಣ ಬಾರದಂತೆ ಮಾಡಿಸಿದ ಜಾಳಿಗೆಯ ಪೆಟ್ಟಿಗೆ ನೋಡಿದರು, ಅಕ್ಕನ ತೋಳಿನಲ್ಲಿ ಸಿಡುಬಿಗೆ ದೇವಿ ಹಾಕಿಸಿದ ಕಲೆ ಕೇಳಿ ನೋಡಿದರು. "ಛಲೋ ಅದ," ಎಂದು ಪೆನ್ನು ತೆಗೆದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಪೆನ್ನು ಕಂಡದ್ದೇ ನಾನು ಒಂದು ಹೆಜ್ಜೆ ಮುಂದಿಟ್ಟೆ. ನಾಳೆ ಏನಾದರೂ ಆದರೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದರೆ?

"ಸಾಹೇಬ್ರೆ, ಸಂಜೆ ಗಾಳಿಗೆ ಪಡುಬದಿಯ ದಂಡೆಯಿಂದ ಹೊಯಿಗೆ ಹಾರಿ ಉಸಳಿಗೆ ಬಿದ್ರೆ?"

ಪೆನ್ನು ನಿಂತಿತು. "ಹೌದಲ್ರೀ. ಇದು ನನಗ ಹೊಳೆದಿರಲಿಲ್ಲ. ಆ ಕಡೆ ಹಲಗಿ ಹೊಡಸ್ರಿ, ಆಮ್ಯಾಲ ನೋಡೂಣು."

ಹಲಗೆ ಹೊಡೆಸುವಷ್ಟರಲ್ಲಿ ವಾರ ಹೋಯಿತು. ಅವರು ಮತ್ತೆ ಬಂದರು, ಹಲಗೆ ತಟ್ಟಿ ನೋಡಿದರು, ಪೆನ್ನು ತೆಗೆದರು. ನಾನು ಬಾಯಿ ಬಿಗಿಹಿಡಿದೇ ನಿಂತಿದ್ದೆ. ಹಿಂದಿನ ರಾತ್ರಿ ಅಕ್ಕನಿಗೆ ಮಾತು ಕೊಟ್ಟಿದ್ದೆ ಕೂಡ. ಆದರೂ ಬಾಯಿ ತನ್ನಷ್ಟಕ್ಕೇ ತೆರೆಯಿತು.

"ಹಲಗೆ ಹೊಡೆದ ಮೇಲೆ ಒಳಗೆ ಹೊಗೆ ಕಟ್ಟಿದ್ರೆ?"

ಸಾಹೇಬರು ನನ್ನನ್ನು ಕಣ್ಣರಳಿಸಿ ನೋಡಿದರು. "ನಿಮ್ಮಂಥವರು ನಮ್ಮ ಖಾತೆಯೊಳಗ ಇರಬೇಕಿತ್ತು ನೋಡ್ರಿ," ಎಂದು ಮೆಚ್ಚಿ, ಮೇಲೊಂದು ಕಿಂಡಿ ಬಿಡಿಸಲು ಹೇಳಿ ಸೈಕಲ್ಲು ಹತ್ತಿದರು.

ಅಕ್ಕ ಸೌಟನ್ನು ಹಂಡೆಯ ಮೇಲೆ ಕುಟ್ಟಿದಳು. "ತಮಾ, ನೀ ನನ್ನ ಬದಿಗಾ, ಪುರಸಭೆ ಬದಿಗಾ?"

"ನಿನ್ನ ಒಳ್ಳೇದಕ್ಕೇ ಅಲ್ವಾ ಅಕ್ಕಾ..."

"ನನ್ನ ಒಳ್ಳೇದು ನೀ ಹೀಗೇ ನೋಡ್ತಾ ಇದ್ರೆ ದಸರೆ ಕಳೆದ ಮೇಲೆ ನಾನು ಭಟ್ಕಳದಲ್ಲಿರ್ತೆ."

ಅವಳು ಹೇಳಿದ್ದು ಸುಳ್ಳಲ್ಲ. ದಸರೆ ಬಂದೇಬಿಟ್ಟಿತ್ತು. ಆ ಕಡೆಯಿಂದ ಬಂದ ಮಂದಿಯ ಬಾಯಲ್ಲಿ ದೊಡ್ಡ ಭಾವ ಹೇಳಿಕಳಿಸಿದ್ದರು, ಗಂಟು ಕಟ್ಟಿಡಲಿ ಎಂದು. ಮೂರನೆಯ ಸಲ ಸಾಹೇಬರು ಬರುವ ದಿನ ಬೆಳಿಗ್ಗೆ ಅಕ್ಕ ನನ್ನ ಕೈಗೆ ಚೀಲ ಕೊಟ್ಟಳು. "ಕುಮಟೆಗೆ ಹೋಗಿ ಸ್ಟೋವಿಗೆ ಬತ್ತಿ ತಕಂಡು ಬಾ. ಅಲ್ಲಿಯದೇ ಆಗ್ಬೇಕು."

ಸ್ಟೋವಿನ ಬತ್ತಿ ಹೊನ್ನಾವರದಲ್ಲೂ ಸಿಗುತ್ತದೆ ಎಂದು ನನಗೆ ಹೊಳೆದದ್ದು ಬಸ್ಸು ಹಳದೀಪುರ ದಾಟಿದ ಮೇಲೆ. ಇಳಿದು ತಿರುಗಿ ಓಡೋಣವೇ ಎಂದುಕೊಂಡೆ. ಇಳಿಯಲಿಲ್ಲ, ಇಳಿದರೆ ತಿರುಗಿ ಹೋಗಲು ಬಸ್ಸು ಸಿಗದಿದ್ದರೆ ಎಂಬ ಚಿಂತೆ. ಕುಮಟೆಯ ಪೇಟೆಯಲ್ಲಿ ಬತ್ತಿ ಕೊಂಡು, ಅದೇ ರಸ್ತೆಯಲ್ಲಿ ಮೇಲೆ ಕೆಳಗೆ ಎಷ್ಟು ಸಲ ಓಡಾಡಿದೆನೋ. ಒಂದು ಜವಳಿ ಅಂಗಡಿಯವರು ಕೊನೆಗೆ ಕರೆದೇ ಕೇಳಿದರು, "ಎಂತ, ಯಾರಾದ್ರೂ ತಪ್ಪಿಹೋದ್ರಾ?" ಕಿಂಡಿಯಿಂದ ಮಳೆನೀರು ಒಳಗೆ ಬಂದರೆ ಎಂದು ನಾನು ಅವರಿಗೆ ಹೇಳಿದೆ. ಅವರು ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟರು.

ಸಂಜೆ ತಿರುಗಿ ಬಂದಾಗ ಅಕ್ಕ ಕಡಲೆ ನೆನೆಹಾಕುತ್ತಿದ್ದಳು. "ಆತು," ಎಂದಳು, ಅಷ್ಟೇ. ಸಾಹೇಬರು ನಿಂತ ಕಾಲಲ್ಲೇ ಬರೆದುಕೊಟ್ಟರಂತೆ. ಹೋಗುವಾಗ, ನಿಮ್ಮ ತಮ್ಮ ಎಲ್ಲಿ, ಆರಾಮ ಇದ್ದಾರೇನು ಎಂದು ಕೇಳಿದರಂತೆ.

ಪುರಸಭೆಯಿಂದ ಲೈಸನ್ಸು ತಂದ ಮರುದಿನ ಅಂಗಡಿ ತೆರೆಯಿತು. ಗಿರಣಿಗೆ ರಜೆ ಹಾಕಿ ನಾನೂ ಹೋದೆ. ಅಕ್ಕ ನನಗೆ ಲೋಟ ತೊಳೆಯುವ ಕೆಲಸ ಕೊಟ್ಟಳು, ಕೈಯಲ್ಲಿ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆಂದು. ಗಾಳಿಗೆ ಹಾರೀತೆಂದು ಲೈಸನ್ಸನ್ನು ಅಂಗಿಯ ಒಳಗೆ ಇಟ್ಟುಕೊಂಡಿದ್ದೆ. ಕುಮಟೆಯ ಬಸ್ಸಿನಿಂದ ಇಳಿದವರು ಬಂದು ಬೆಂಚಿನಲ್ಲಿ ಕೂತರು. ಅವಲಕ್ಕಿಯ ಮೇಲೆ ಬಿಸಿ ಉಸಳಿ ಬಿತ್ತು. ಮಾಡು ಹಾರಲಿಲ್ಲ, ಹಲ್ಲು ಮುರಿಯಲಿಲ್ಲ. ಇಷ್ಟು ಸುಸೂತ್ರವಾಗುತ್ತಿದೆಯಲ್ಲ ಎಂದು ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ.

ಆಗ ಆಚೆ ದಡದಿಂದ ಬಂದ ಲಾಂಚಿನಿಂದ ಕರಿ ಟೊಪ್ಪಿ, ಕಂಕುಳಲ್ಲಿ ಕೊಡೆ, ದೊಡ್ಡ ಭಾವ ಇಳಿದರು.

ನೇರ ಬಂದು ಒಲೆಯ ಮುಂದೆ ನಿಂತರು. "ಗಂಟು ಕಟ್ಟಿದ್ಯನೇ?"

"ಬನ್ನಿ ದೊಡ್ಡ ಭಾವ, ಕೂತ್ಕಳಿ," ಎಂದಳು ಅಕ್ಕ, ಬೇರೆಯವರಿಗೆ ಹೇಳಿದ ದನಿಯಲ್ಲೇ. "ಉಸಳಿ ಬಿಸಿ ಉಂಟು."

ಬೆಂಚಿನವರು ಸರಿದು ಜಾಗ ಮಾಡಿದ್ದರಿಂದ ಅವರು ಕೂರಲೇಬೇಕಾಯಿತು. ತಿಂದರು. ತಿನ್ನುತ್ತ ನನ್ನ ಕಡೆ ತಿರುಗಿದರು. "ಲೈಸನ್ಸ್ ಗಿಸನ್ಸ್ ಉಂಟನಾ, ಹೀಗೇಯಾ?" ಬೆವರಿಗೆ ಒದ್ದೆಯಾದ ಕಾಗದವನ್ನು ಅಂಗಿಯೊಳಗಿಂದ ತೆಗೆದುಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ಓದಿ ತಿರುಗಿ ಕೊಟ್ಟರು.

"ಖಾನಾವಳಿಗೆ ಬರೋರು ಕೇಳ್ತಾರೆ," ಎಂದರು, ಈಗ ದನಿ ಇಳಿಸಿ. "ಉಸಳಿ ಮೊದ್ಲಿನ ಹಾಗೆ ಇಲ್ಲ ಹೇಳ್ತಾರೆ."

ಪಕ್ಕದಲ್ಲಿ ಕೂತಿದ್ದ ಮೀನು ವ್ಯಾಪಾರದ ಹೆಂಗಸು ಬುಟ್ಟಿ ಸರಿಸಿ ನಕ್ಕಳು. "ಹಂಗಾರೆ ಮೊದ್ಲಿನ ಉಸಳಿ ಇಲ್ಲೇ ಬಂದದೆ ಅಂದಂಗಾತು. ನಂಗೆ ಇನ್ನೊಂದು ಪ್ಲೇಟು ಹಾಕು ಅಕ್ಕಾ!"

ಬೆಂಚಿಗೆ ಬೆಂಚೇ ನಕ್ಕಿತು. ದೊಡ್ಡ ಭಾವ ಮಾತ್ರ ನಗಲಿಲ್ಲ. ತಟ್ಟೆ ಬರಿದು ಮಾಡಿ, "ಒಂದು ಚಾ ಕೊಡು," ಎಂದರು. ಅಕ್ಕ ಕೊಟ್ಟಳು. "ತಮಾ, ದುಡ್ಡು ತಕ," ಎಂದಳು. ನಾನು ಒದ್ದೆ ಕೈಯನ್ನೇ ಚಾಚಿದೆ. ಅವರು ಕೊಟ್ಟರು.

ಚಹಾ ಕುದಿಯುವಷ್ಟು ಬಿಸಿ. ಅವರು ಊದುತ್ತಿದ್ದಂತೆ ಲಾಂಚಿನ ಭೋಂಗಾ ಕೂಗಿತು, ಜನ ಎದ್ದು ಓಡಿದರು. ದೊಡ್ಡ ಭಾವನೂ ಎದ್ದರು. ಗಂಟಿನ ಮಾತು ಮತ್ತೆ ಎತ್ತಲಿಲ್ಲ. ಕಂಕುಳಲ್ಲಿ ಕೊಡೆ, ಕೈಯಲ್ಲಿ ನಮ್ಮ ಗ್ಲಾಸು, ಲಾಂಚಿನ ಹಲಗೆ ಎಳೆಯುವಷ್ಟರಲ್ಲಿ ಹಾರಿ ಹತ್ತಿದರು.

"ದೊಡ್ಡ ಭಾವ! ಗ್ಲಾಸು!" ಎಂದು ನಾನು ಧಕ್ಕೆಯ ಅಂಚಿಗೆ ಓಡಿದೆ. ಅವರು ಕೈ ಎತ್ತಿದರು. ಎತ್ತಿದ್ದು ಗ್ಲಾಸಿದ್ದ ಕೈ. ಲಾಂಚು ನಡುನೀರಿಗೆ ಹೋಯಿತು. ಅಲ್ಲಿ ನಿಂತು ಅವರು ನಿಧಾನಕ್ಕೆ ಚಹಾ ಕುಡಿಯುತ್ತಿದ್ದುದು ಚೆನ್ನಾಗಿ ಕಾಣುತ್ತಿತ್ತು. ಲೈಸನ್ಸು ಪುರಸಭೆಯ ಹದ್ದಿನೊಳಗೆ ಮಾತ್ರ ಎಂದು ಬರೆದಿತ್ತು. ಆ ಗಡಿ ನದಿಯ ಎಲ್ಲಿಯವರೆಗೆ? ಅದರಾಚೆ ಗುಟುಕರಿಸಿದ ಚಹಾಕ್ಕೆ ಹೊಣೆ ಯಾರು?

"ಅಕ್ಕಾ, ಗ್ಲಾಸು ಹೋತು!"

"ಕರಕೊಂಡು ಹೋಗೂಕೆ ಬಂದವರು," ಎಂದಳು ಅಕ್ಕ, ಒಲೆಯಿಂದ ತಲೆಯೆತ್ತದೆ, "ಗ್ಲಾಸಾದ್ರೂ ತಕಂಡು ಹೋಗ್ಲಿ ಬಿಡು. ನೀ ಬಂದು ಉಳಿದದ್ದು ತೊಳಿ."

ಆ ಗ್ಲಾಸು ತಿರುಗಿ ಬರಲಿಲ್ಲ.