ಚಿಪ್ಸ್ ಅಂಗಡಿ ಗೋಡೆಯ ನಟ

ಐರ್ಲೆಂಡಿನ ಲೆಟರ್‌ಕೆನ್ನಿ ಊರಿನ ಚಿಪ್ಸ್ ಅಂಗಡಿಯ ಗೋಡೆಯ ಮೇಲೆ ಸ್ಫುರದ್ರೂಪಿ ಯುವಕನೊಬ್ಬನ ಫೋಟೊ ಇತ್ತು. ಕ್ರಿಸ್‌ಮಸ್ ಅಂತ ಅದಕ್ಕೆ ಹಾರ ಹಾಕಿ, ಕೆಂಪು ಬಲ್ಬು ಉರಿಸಿದ್ದರು. ನನ್ನ ದಡ್ಡತನಕ್ಕೆ ವೀಸಾ ಬೇಕಿಲ್ಲವಲ್ಲ, ಟೋಪಿ ತೆಗೆದು ಕೈಮುಗಿದು, ಆಲೂಗಡ್ಡೆ ಕರಿಯುತ್ತಿದ್ದ ಇಟಲಿಯ ಮುದುಕರನ್ನು ಕೇಳಿದೆ: "ಮಗ ತೀರ್ಕೊಂಡು ಎಷ್ಟು ವರ್ಷ ಆಯ್ತು?"

ಗೆಳೆಯ ಇಮ್ರಾನ್ ನನ್ನ ಕಾಲು ತುಳಿದ. "ಲೇ, ಅದು ಅವರೇ ಕಣೋ. ರೋಮ್‌ನಲ್ಲಿ ಸಿನಿಮಾ ನಟ ಆಗಿದ್ರು."

ತಪ್ಪು ಮುಚ್ಚಿಕೊಳ್ಳಲು ಸುಳ್ಳು ಬಿಟ್ಟೆ. "ನಿಮ್ಮ ಸಿನಿಮಾ ನೋಡಿದೀನಿ ಸರ್. ಡೈಲಾಗ್ ಸೂಪರ್."

ಅವರ ಕೈ ನಿಂತಿತು. "ಹನ್ನೊಂದು ಸಿನಿಮಾ ಮಾಡ್ದೆ. ಒಂದ್ರಲ್ಲೂ ನಂಗೆ ಒಂದು ಡೈಲಾಗೂ ಕೊಡ್ಲಿಲ್ಲ. ಬೇಜಾರಾಗಿ ಇಲ್ಲಿಗೆ ಬಂದ್ಬಿಟ್ಟೆ."

ನಾನು ಓಡಿಹೋಗಲು ಬಾಗಿಲ ಕಡೆ ತಿರುಗಿದೆ. ಅವರು ಏಪ್ರನ್ನಿಗೆ ಕೈ ಒರೆಸಿಕೊಂಡು, ಕೌಂಟರಿನ ಮೇಲೆ ಬಾಗಿ, ಮೆಲ್ಲಗೆ ಕೇಳಿದರು:

"ನೀನು ನೋಡಿದ್ರಲ್ಲಿ ನಾನು ಏನ್ ಹೇಳ್ದೆ?"