ಕಿಟಕಿ ಬಳಿಯ ಬದನೆ ಸಸಿಗಳು

ಬೀಜ ಕೆಟ್ಟದ್ದಾಗಿರಲಿಲ್ಲ, ನೀರು ಹೆಚ್ಚಾಗಿ ಸಸಿಗಳು ಕೊಳೆತವು. ದೇರೆಬೈಲಿನ ನಮ್ಮ ಫ್ಲ್ಯಾಟಿನ ಕಿಟಕಿ ಬಳಿ ಮೊಸರಿನ ಡಬ್ಬಗಳಲ್ಲಿ ಬದನೆ ಬೀಜ ಹಾಕಿದ್ದೆವು. ನೀರು ಹಾಕುವುದು ನನ್ನ ಗಂಡನ ಕೆಲಸ. ಮನೆಯಲ್ಲಿ ಅವರಿಗೆ ಉಳಿದಿರುವುದು ಅದೊಂದೇ. ಸಸಿಗಳು ಬುಡ ಕೊಳೆತು ಮಲಗಿದಾಗ ಸೊಸೆ ಬೀಜದ ಅಂಗಡಿಯವನನ್ನು ಬೈದಳು.

ಆ ಮಧ್ಯಾಹ್ನ ಮೀನು ತೊಳೆಯುತ್ತ ನಾನೇ ನೋಡಿದೆ. ಅವರು ನೀರು ಹಾಕಿ ಬಂದು ಕುಳಿತರು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಚೊಂಬು ತುಂಬಿಸಿದರು. ಗಾಳಿಯಾಡದ ಈ ತೇವದ ಸೆಕೆಯಲ್ಲಿ ಮೊದಲು ಹಾಕಿದ್ದೇ ಆರುವುದಿಲ್ಲ.

“ಈಗಷ್ಟೇ ಹಾಕಿದ್ರಲ್ಲ?” ಎಂದೆ.

“ಯಾರು, ನಾನಾ? ಎಂತ ಮಾರಾಯ್ತಿ, ಬಾಡಿ ಬಿದ್ದದ್ದು ಕಾಣುವುದಿಲ್ವಾ ನಿನಗೆ? ಈ ಮನೆಯಲ್ಲಿ ಒಬ್ಬರಿಗೂ ನೀರು ಹಾಕ್ಲಿಕ್ಕೆ ನೆನಪಿಲ್ಲ!”

ಅವರ ಕೈ ಇನ್ನೂ ಒದ್ದೆಯಾಗಿತ್ತು. ಸೊಸೆಗೆ ನಾನು ಹೇಳಲಿಲ್ಲ. ಹೇಳಿದರೆ ಅವಳು ಚೊಂಬು ತೆಗೆದು ಒಳಗಿಡುತ್ತಾಳೆ.

ಮರುದಿನ ಬೆಳಿಗ್ಗೆ ಡಬ್ಬಗಳನ್ನು ಎಸೆದೆ. ಸಾರಿಗೆ ತಂದ ಬಸಳೆಯಿಂದ ಎರಡು ದಪ್ಪ ದಂಟು ತೆಗೆದು, ಅಡಿಯಲ್ಲಿ ತೂತು ಕೊರೆದ ಬಕೆಟಿನಲ್ಲಿ ಊರಿ ಬಾಲ್ಕನಿಯಲ್ಲಿಟ್ಟೆ. ಬಸಳೆಗೆ ಎಷ್ಟು ನೀರು ಹಾಕಿದರೂ ನಡೆಯುತ್ತದೆ. ಚೊಂಬು ತುಂಬಿಸಿ ಅವರ ಕೈಗೆ ಕೊಟ್ಟೆ.