ಮೂಗು ನೆಕ್ಕುವವರೆಗೆ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಾರೆ. ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಾಳೆ, ಉಳಿದ ಹೊತ್ತಿನಲ್ಲಿ ನಾಯಿಗಳ ಆರೈಕೆ. ಬೀದಿಯಲ್ಲಿ ಗಾಯಗೊಂಡ ನಾಯಿಗಳಿಗೆ ಪಶು ಆಸ್ಪತ್ರೆಯಲ್ಲಿ ಆಪರೇಷನ್ನೇನೋ ಆಗುತ್ತದೆ, ಆದರೆ ವಾರಗಟ್ಟಲೆ ಇಟ್ಟುಕೊಳ್ಳಲು ಅಲ್ಲಿ ಜಾಗವಿಲ್ಲ. ವಾಸಿಯಾಗಿ ಯಾರಾದರೂ ಸಾಕಲು ಒಯ್ಯುವವರೆಗೆ ಅವು ಟೈಲರಕ್ಕನ ಹಿಂದಿನ ಕೋಣೆಯಲ್ಲಿ, ಅವಳು ಹಳೆ ಪರದೆಗಳಿಂದ ಹೊಲಿದ ಹಾಸಿಗೆಯ ಮೇಲೆ ಇರುತ್ತವೆ. ಹತ್ತು ನಾಯಿಗಳು ಹೀಗೆ ಬಂದು ಹೋಗಿದ್ದವು.

ಹನ್ನೊಂದನೆಯದು ಕಂದು ಬಣ್ಣದ ಗಂಡು. ಕಾರು ಹರಿದು ಮುರಿದ ಹಿಂಗಾಲಿಗೆ ಪ್ಲೇಟು ಹಾಕಿದ್ದರು. ಗೋಡೆಗೊರಗಿ, ತಟ್ಟೆ ತನ್ನ ಮುಂದೆ ತಾನಾಗಿ ಬರಲಿ ಎಂದು ಕಾಯುವ ಅದರ ಗತ್ತು ನೋಡಿ ಅವಳು ಸಾಹೇಬ ಎಂದು ಕರೆದಳು. ಮನೆಯಲ್ಲಿ ಒಬ್ಬರಿದ್ದ ಸಾಹೇಬರು ಈಗ ಇಬ್ಬರಾದರು ಎಂದು ಅವಳು ಗೊಣಗಿದ್ದು ಗಂಡನ ಕಿವಿಗೂ ಬಿತ್ತು.

ಎಲುಬಿಗೆ ಕೀವು ಇಳಿದಿತ್ತು. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಮಾತ್ರೆ, ಒಂದು ಹೊತ್ತೂ ತಪ್ಪಕೂಡದು ಎಂದಿದ್ದರು ಡಾಕ್ಟರಮ್ಮ. ಹತ್ತು ದಿನದಲ್ಲಿ ಕೀವು ನಿಲ್ಲದಿದ್ದರೆ ಕಾಲನ್ನೇ ತೆಗೆಯಬೇಕು.

ಅದೇ ವಾರ ಅಂಗಡಿಗೆ ಶಾಲೆಯ ಸಮವಸ್ತ್ರದ ಕೆಲಸ ಬಂದು ಬಿತ್ತು. ರಾತ್ರಿ ಎಂಟರವರೆಗೆ ಕತ್ತರಿ ಕೆಳಗಿಡುವಂತಿರಲಿಲ್ಲ. ಹೀಗಾಗಿ ಸಂಜೆಯ ಮಾತ್ರೆ ಗಂಡನ ಪಾಲಿಗೆ ಬಂತು. ಅವನು ನಿವೃತ್ತ ಬಸ್ ಡ್ರೈವರು. ಅಷ್ಟು ದೊಡ್ಡ ಬಸ್ಸು ಓಡಿಸಿದವನಿಗೆ ಇಷ್ಟು ಚಿಕ್ಕ ಮಾತ್ರೆ ಯಾವ ಲೆಕ್ಕ ಎಂದ. ಅವಳು ಮನೆಗೆ ಬಂದು ಕೊಟ್ಟಿರಾ ಎಂದರೆ, ಟೀವಿಯಿಂದ ಕಣ್ಣು ಕೀಳದೆ ಕೊಟ್ಟೆ ಎನ್ನುತ್ತಿದ್ದ.

ಐದನೆಯ ಬೆಳಿಗ್ಗೆ ಸಾಹೇಬನ ಮೈ ಕೆಂಡವಾಗಿತ್ತು, ಪಟ್ಟಿ ನಾರುತ್ತಿತ್ತು. ಹಾಸಿಗೆ ಕೊಡವಿದಳು. ಟಪಟಪನೆ ನಾಲ್ಕು ಮಾತ್ರೆ ಉದುರಿದವು. ಬಣ್ಣ ಬಿಟ್ಟಿದ್ದವು, ಒಂದಕ್ಕೆ ಮೊಟ್ಟೆಯ ಹಳದಿ ಮೆತ್ತಿಕೊಂಡಿತ್ತು.

ಗಂಡ ಸುಳ್ಳು ಹೇಳಿರಲಿಲ್ಲ. ಬೇಯಿಸಿದ ಮೊಟ್ಟೆಯೊಳಗೆ ಮಾತ್ರೆ ಒತ್ತಿ, ತಟ್ಟೆ ಇಟ್ಟು, ಕೈ ತೊಳೆದುಕೊಂಡು ಹೋಗಿದ್ದ. ಸಾಹೇಬ ಮೊಟ್ಟೆ ತಿಂದು ಮಾತ್ರೆ ಉಗಿದಿದ್ದ.

ಹತ್ತು ವರ್ಷದ ಹಿಂದೆ ಅತ್ತೆ ಹಾಸಿಗೆ ಹಿಡಿದಾಗಲೂ ಅವನು ಹೀಗೇ ‘ಕೊಟ್ಟಿದ್ದ’. ಮಾತ್ರೆಗಳು ದಿಂಬಿನಡಿ ಸಿಕ್ಕಿದ್ದವು. ನಂಗೆ ಇದೆಲ್ಲ ಬರಲ್ಲ, ನೀನು ಮಾಡಿದ್ರೇನೇ ಸರಿ ಎಂದು ಹೊಗಳಿ ಜಾರಿಕೊಂಡಿದ್ದ. ಆ ಹೊಗಳಿಕೆಯಿಂದಾಗಿ ಅವಳು ಅಂಗಡಿ ಬಿಟ್ಟು ಎರಡು ವರ್ಷ ಮನೆಯಲ್ಲಿ ಕೂತಳು. ತಿರುಗಿ ಹೋದಾಗ ಅವಳ ಕತ್ತರಿಸುವ ಮೇಜಿನ ಮುಂದೆ ಬೇರೆಯವಳಿದ್ದಳು. ಗುಂಡಿ ಹಚ್ಚುವುದರಿಂದ ಮತ್ತೆ ಶುರು ಮಾಡಬೇಕಾಯಿತು.

ಡಾಕ್ಟರಮ್ಮ ಗಾಯ ತೊಳೆದು, ಇವತ್ತಿನಿಂದ ಹತ್ತು ದಿನ ಹೊಸದಾಗಿ ಎಣಿಸಿ, ಇದೇ ಕೊನೆಯ ಅವಕಾಶ ಎಂದರು. ಸಂಜೆ ಮಾತ್ರೇನೂ ನೀವೇ ಕೊಟ್ಟುಬಿಡಿ ಅಕ್ಕಾ ಎಂದೂ ಸೇರಿಸಿದರು.

ಬೇರೆ ದಿನವಾಗಿದ್ದರೆ ಹೂಂ ಎನ್ನುತ್ತಿದ್ದಳೇನೋ. ಮನೆಗೆ ಬಂದವಳೇ ಟೀವಿ ಆರಿಸಿ, ಗಂಡನನ್ನು ಕರೆದು ಸಾಹೇಬನ ಪಕ್ಕ ನೆಲದ ಮೇಲೆ ಕೂರಿಸಿದಳು. ನಾಲ್ಕೂ ಮಾತ್ರೆ ಅವನ ಅಂಗೈಯಲ್ಲಿಟ್ಟಳು. ಆಮೇಲೆ ಹೊಸದೊಂದು ಮಾತ್ರೆ ಬಿಡಿಸಿ ಕೊಟ್ಟಳು.

"ನನ್ನ ಕೈಲಿ ಆಗಲ್ಲ ಕಣೇ. ಕಚ್ಚಿದ್ರೆ?"

"ನನ್ನನ್ನೂ ಕಚ್ಚಬಹುದು. ನನಗೇನು ಕಬ್ಬಿಣದ ಕೈಯಾ? ಬಾಯಿ ತೆಗೆಸಿ. ನಾಲಿಗೆ ಹಿಂದಕ್ಕೆ ಇಡಿ. ಮುಚ್ಚಿ. ಈಗ ಗಂಟಲು ಸವರಿ. ಇನ್ನೂ ಸವರಿ."

"ಎಷ್ಟು ಹೊತ್ತು?"

"ಮೂಗು ನೆಕ್ಕೋವರೆಗೂ. ನೆಕ್ಕಿದ್ರೆ ನುಂಗಿದ ಹಾಗೆ. ಕೊಡೋದಲ್ಲ ರೀ ಕೆಲಸ, ನುಂಗಿಸೋದು ಕೆಲಸ."

ಸಾಹೇಬ ಮೂಗು ನೆಕ್ಕಿದ. ಡ್ರೈವರನ ಹಣೆಯಲ್ಲಿ ಬೆವರಿತ್ತು.

ಆ ದಿನದಿಂದ ಸಂಜೆ ಏಳಕ್ಕೆ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು. ಅತ್ತಲಿಂದ ಒಂದೇ ಮಾತು: "ನೆಕ್ಕಿದ." ಟೈಲರಕ್ಕನ ಗಂಡನಿಗೆ ಮುದಿ ವಯಸ್ಸಿನಲ್ಲಿ ಪ್ರೇಮ ಹುಟ್ಟಿದೆ ಎಂದು ಹೊಲಿಯುವ ಹೆಂಗಸರು ನಕ್ಕರು.

ಒಂಬತ್ತನೆಯ ಸಂಜೆ ಏಳಾಯಿತು, ಫೋನು ಬರಲಿಲ್ಲ. ಏಳೂ ಹತ್ತು. ಯಂತ್ರಗಳ ಸದ್ದು ತಾನಾಗಿ ತಗ್ಗಿತು. ಹೋಗಿ ನೋಡಿ ಬಾ ಎಂದಳು ಪಕ್ಕದವಳು. ಟೈಲರಕ್ಕನ ಕಾಲುಗಳು ಹೊರಡಲು ತಯಾರಾಗಿದ್ದವು, ಅವಳು ಬಿಡಲಿಲ್ಲ. ಈಗ ಎದ್ದರೆ ಇನ್ನೆಂದೂ ಕೂರುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸಿದಳು. ಏಳೂ ಇಪ್ಪತ್ತಕ್ಕೆ ಫೋನು ಬಂತು.

"ಮೂರು ಸಲ ಉಗಿದ. ಕೈಗೂ ಹಲ್ಲು ತಾಗಿಸಿದ. ನಾನೇನು ಬಿಡ್ತೀನಾ? ನೆಕ್ಕಿದ."

ಹನ್ನೊಂದನೆಯ ದಿನ ಗಂಡ ಹೆಂಡತಿ ಇಬ್ಬರೂ ಸಾಹೇಬನನ್ನು ಆಸ್ಪತ್ರೆಗೆ ಒಯ್ದರು. ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಗಾಯದ ಸುತ್ತ ಒತ್ತಿ ನೋಡಿದರು. ಒಣಗಿತ್ತು. ಕಾಲು ಉಳೀತು ಎಂದರು. ಸಾಹೇಬ ಆ ಕಾಲನ್ನು ನೆಲಕ್ಕೆ ತಾಗಿಸಿ, ತಣ್ಣಗಿದೆ ಎಂಬಂತೆ ಎತ್ತಿಕೊಂಡು, ಮತ್ತೆ ಊರಿದ.

ಹೊರಡುವಾಗ ಡಾಕ್ಟರಮ್ಮ ಒಳಗಿನಿಂದ ಇನ್ನೊಂದು ಪುಟ್ಟ ಬುಟ್ಟಿ ತಂದರು. ಎರಡೂ ಕಣ್ಣು ಕೀವುಗಟ್ಟಿದ ಮರಿ, ಜೊತೆಗೆ ಔಷಧದ ಸೀಸೆ. ದಿನಕ್ಕೆ ಆರು ಸಲ ಹನಿ ಹಾಕಬೇಕಂತೆ.

"ಕಣ್ಣಿಗೆ ಹಾಕೋದೆಲ್ಲ ನಂಗೆ..." ಎಂದು ಗಂಡ ಶುರು ಮಾಡಿದ.

"ಮೂರು ನಿಮ್ಮವು, ಮೂರು ನನ್ನವು" ಎಂದು ಟೈಲರಕ್ಕ ಸೀಸೆಯನ್ನು ಅವನ ಜೇಬಿಗೆ ಹಾಕಿ, ಅಂಗಡಿಯ ದಾರಿ ಹಿಡಿದಳು.